ಹನ್ನೆರಡು ನಿಮಿಷವೋ, ನಲವತ್ತು ನಿಮಿಷವೋ

ನಮ್ಮದೊಂದು ಸಣ್ಣ ಗುಂಪಿದೆ. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಒಂದು ನಾಟಕ ಓದುತ್ತೇವೆ. ಆಡುವುದಿಲ್ಲ. ಪಾತ್ರ ಹಂಚಿಕೊಂಡು ಸುಮ್ನೆ ಕೂತು ಓದುವುದು, ನಡುವೆ ಟೀ, ಮಂಡಕ್ಕಿ. ಈ ಸಲ ರಷ್ಯಾದ ನಾಟಕಕಾರ ಚೆಕೊವ್‌ನ ‘ಚೆರ್ರಿ ತೋಟ’. ಎಲ್ಲರಿಗೂ ವಾಟ್ಸಾಪ್‌ನಲ್ಲಿ ತಿಳಿಸುವ ಕೆಲಸ ನನ್ನದು. ಯೋಚನೆಯೇ ಮಾಡದೆ ‘ಚೆರ್ರಿ ತೋಟ, ಒಂದು ದುರಂತ ನಾಟಕ, ಭಾನುವಾರ ನಾಲ್ಕು ಗಂಟೆಗೆ’ ಎಂದು ಟೈಪ್ ಮಾಡಿ ಕಳಿಸಿಬಿಟ್ಟೆ. ಹತ್ತು ನಿಮಿಷವೂ ಆಗಿಲ್ಲ, ಒಬ್ಬ ಗೆಳತಿ ಪುಸ್ತಕದ ಮೊದಲ ಪುಟದ ಫೋಟೊ ಹಾಕಿದಳು. ನಾಟಕದ ಹೆಸರಿನ ಕೆಳಗೆ ಚೆಕೊವ್ ತಾನೇ ಬರೆದಿದ್ದಾನೆ: ನಾಲ್ಕು ಅಂಕಗಳ ಕಾಮಿಡಿ. ಅದರಡಿ ಅವಳದೊಂದು ನಗುವ ಎಮೋಜಿ.

ನನಗೆ ಉರಿಯಿತು. ಕೊನೆಯಲ್ಲಿ ಒಬ್ಬ ಮುದುಕನನ್ನು ಖಾಲಿ ಮನೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುವ ನಾಟಕ ಅದು. ಕಾಮಿಡಿಯಂತೆ!

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ರಾನೆವ್‌ಸ್ಕಾಯ ಎಂಬ ಜಮೀನ್ದಾರರ ಮನೆಯ ಹೆಂಗಸು ಐದು ವರ್ಷ ಹೊರದೇಶದಲ್ಲಿದ್ದು, ಕೈಯಲ್ಲಿದ್ದುದನ್ನೆಲ್ಲ ಖಾಲಿ ಮಾಡಿಕೊಂಡು ಪ್ಯಾರಿಸ್‌ನಿಂದ ರಷ್ಯಾದ ತನ್ನ ಎಸ್ಟೇಟಿಗೆ ವಾಪಸ್ ಬರುತ್ತಾಳೆ. ಮನೆ, ಅದರ ಸುತ್ತಲಿನ ದೊಡ್ಡ ಚೆರ್ರಿ ತೋಟ, ಎಲ್ಲವೂ ಸಾಲಕ್ಕೆ ಸಿಕ್ಕಿವೆ. ಆಗಸ್ಟ್ 22ಕ್ಕೆ ಹರಾಜು. ಅವಳ ಅಣ್ಣ ಗಾಯೆವ್‌ಗೆ 51 ವರ್ಷ, ಬಾಯಲ್ಲಿ ಮಿಠಾಯಿ, ಮಾತು ಎಲ್ಲೇ ಹೊರಡಲಿ ಬಿಲಿಯರ್ಡ್ಸ್ ಆಟಕ್ಕೆ ಬಂದು ನಿಲ್ಲುತ್ತದೆ. ಸಾಕುಮಗಳು ವಾರ್ಯಾ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಮನೆ ನಡೆಸುತ್ತಾಳೆ. ಲೊಪಾಖಿನ್ ಎಂಬ ವ್ಯಾಪಾರಿ ಇದ್ದಾನೆ, ಇವನ ಅಪ್ಪ, ಅಜ್ಜ ಇದೇ ಎಸ್ಟೇಟಿನ ಜೀತದಾಳುಗಳು, ಅಡುಗೆಮನೆಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಹರಾಜಿನಲ್ಲಿ ತೋಟ ಕೊಳ್ಳುವವನು ಇವನೇ. ಕೊನೆಗೆ ಎಲ್ಲರೂ ಗಂಟುಮೂಟೆ ಕಟ್ಟಿ ಹೊರಡುತ್ತಾರೆ, ಹೊರಗೆ ಮರಕ್ಕೆ ಕೊಡಲಿ ಬೀಳುವ ಸದ್ದು, ಒಳಗೆ 87 ವರ್ಷದ ಆಳು ಫೀರ್ಸ್. ಅವನನ್ನು ಆಸ್ಪತ್ರೆಗೆ ಕಳಿಸಿದ್ದಾರೆ ಎಂದು ಒಬ್ಬೊಬ್ಬರೂ ಇನ್ನೊಬ್ಬರ ಮೇಲೆ ಭಾರ ಹಾಕಿ ಮರೆತಿರುತ್ತಾರೆ.

ಇಷ್ಟೇ ಹೇಳಿದರೆ ದುರಂತವೇ. ನಾನು ಹೇಳಿದ್ದೂ ಅದನ್ನೇ.

ಆದರೆ ಈ ಜಗಳ ನಮ್ಮ ಗುಂಪಿನದಲ್ಲ. 120 ವರ್ಷ ಹಳೆಯದು, ಅದೂ ಬರೆದವನಿಗೂ ಆಡಿಸಿದವನಿಗೂ ನಡುವೆ. ಚೆಕೊವ್ 1901ರಲ್ಲೇ ಮುಂದೆ ಹೆಂಡತಿಯಾದ ನಟಿ ಓಲ್ಗಾ ಕ್ನಿಪ್ಪರ್‌ಗೆ ಬರೆದಿದ್ದ, ಮುಂದಿನ ನಾಟಕ ತುಂಬ ನಗು ತರುವಂಥದ್ದು ಅಂತ. ಕ್ಷಯ ಹಿಡಿದು ಯಾಲ್ಟಾದಲ್ಲಿ ಕೂತು, ದಿನಕ್ಕೆ ನಾಲ್ಕು ಸಾಲಿನಂತೆ ಎಳೆದೆಳೆದು ಬರೆದ. 1903ರ ಸೆಪ್ಟೆಂಬರ್‌ನಲ್ಲಿ ನಾಟಕ ಆಡಿಸಲಿದ್ದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಹೆಂಡತಿ ಲಿಲಿನಾಗೆ ಬರೆದ ಕಾಗದದಲ್ಲೂ ಅದೇ ಮಾತು: ನನ್ನ ಕೈಯಿಂದ ಬಂದಿರುವುದು ಗಂಭೀರ ನಾಟಕ ಅಲ್ಲ, ಕಾಮಿಡಿ, ಅಲ್ಲಲ್ಲಿ ಪ್ರಹಸನವೇ. ಅಕ್ಟೋಬರ್‌ನಲ್ಲಿ ಹಸ್ತಪ್ರತಿ ಮಾಸ್ಕೋ ಆರ್ಟ್ ಥಿಯೇಟರ್‌ಗೆ ಹೋಯಿತು. ಸ್ತಾನಿಸ್ಲಾವ್‌ಸ್ಕಿ ಓದಿ ಗಳಗಳ ಅತ್ತ. ಅತ್ತುಬಿಟ್ಟೆ ಅಂತ ಬರೆದೂ ತಿಳಿಸಿದ. ಇದು ಕಾಮಿಡಿಯೂ ಅಲ್ಲ, ಪ್ರಹಸನವೂ ಅಲ್ಲ, ನೀವೇನೇ ಹೇಳಿ, ಟ್ರ್ಯಾಜಿಡಿ ಅಂತ. ಬರೆದವನಿಗೇ ಅವನು ಏನು ಬರೆದಿದ್ದಾನೆಂದು ತಿಳಿಹೇಳುವ ಧೈರ್ಯ ನೋಡಿ. ಆದರೆ ನಾನೂ ಓದಿದಾಗ ಅತ್ತಿದ್ದೆ, ಹಾಗಾಗಿ ಸ್ತಾನಿಸ್ಲಾವ್‌ಸ್ಕಿ ನಮ್ಮ ಪಾರ್ಟಿ ಅಂತ ಖುಷಿಯಾಯಿತು.

ನಾಟಕ 1904ರ ಜನವರಿ 17ಕ್ಕೆ, ರಷ್ಯಾದ ಹಳೆಯ ಕ್ಯಾಲೆಂಡರ್ ಲೆಕ್ಕದಲ್ಲಿ, ರಂಗಕ್ಕೆ ಬಂತು. ಪೋಸ್ಟರ್‌ನಲ್ಲಿ, ಪತ್ರಿಕೆ ಜಾಹೀರಾತಿನಲ್ಲಿ ಎಲ್ಲ ಕಡೆ ‘ಡ್ರಾಮಾ’ ಎಂದೇ ಹಾಕಿದರು. ಏಪ್ರಿಲ್‌ನಲ್ಲಿ ಚೆಕೊವ್ ಹೆಂಡತಿಗೆ ಕಾಗದ ಬರೆದು ರೇಗಾಡಿದ್ದಾನೆ. ಥಿಯೇಟರ್‌ನ ಇನ್ನೊಬ್ಬ ಮುಖ್ಯಸ್ಥ ನೆಮಿರೋವಿಚ್-ದಾಂಚೆಂಕೊ ಮತ್ತು ಸ್ತಾನಿಸ್ಲಾವ್‌ಸ್ಕಿ ಇಬ್ಬರೂ ನನ್ನ ನಾಟಕವನ್ನು ಒಂದು ಸಲವೂ ಗಮನವಿಟ್ಟು ಓದಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ ಎಂಬ ಧಾಟಿಯಲ್ಲಿ. ಆ ಹೆಂಡತಿಯೇ ರಾನೆವ್‌ಸ್ಕಾಯ ಪಾತ್ರ ಮಾಡುತ್ತಿದ್ದವಳು. ಪಾಪ, ಅವಳು ಯಾರ ಕಡೆ ಮಾತಾಡಬೇಕು?

ಇಲ್ಲಿ ನಮ್ಮ ಪದಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ದುರಂತ’ ಅಂದರೆ ಕೆಟ್ಟ ಕೊನೆ, ‘ಸುಖಾಂತ’ ಅಂದರೆ ಒಳ್ಳೆಯ ಕೊನೆ. ಎರಡರಲ್ಲೂ ‘ಅಂತ’ ಕೂತಿದೆ. ಕೊನೆಯ ಪುಟ ನೋಡಿ ಜಾತಿ ಹೇಳು ಎನ್ನುವ ಪದಗಳಿವು. (ಈಗಂತೂ ಪೇಪರಿನಲ್ಲಿ ಬಸ್ ಪಲ್ಟಿಯಾದರೂ ದುರಂತವೇ.) ಬಿ.ಎಂ.ಶ್ರೀ. ಗ್ರೀಕ್ ನಾಟಕಗಳನ್ನು ಕನ್ನಡಕ್ಕೆ ಪರಿಚಯಿಸುವಾಗ ‘ರುದ್ರ ನಾಟಕ’ ಎಂಬ ಪದ ಬಳಸಿದರು. ಅದು ಎಷ್ಟೋ ವಾಸಿ, ಕೊನೆಗೆ ಏನಾಯಿತು ಎಂದು ಕೇಳದೆ ನಾಟಕದ ಮೈಯಲ್ಲಿ ಏನಿದೆ ಎಂದು ಕೇಳುತ್ತದೆ. ಆದರೆ ಚೆರ್ರಿ ತೋಟದಲ್ಲಿ ರುದ್ರ ಎಲ್ಲಿದ್ದಾನೆ? ಒಬ್ಬರೂ ಕೊಲೆಯಾಗುವುದಿಲ್ಲ. ಎಪಿಖೋದೊವ್ ಎಂಬ ಗುಮಾಸ್ತ ಪಿಸ್ತೂಲು ಇಟ್ಟುಕೊಂಡು ತಿರುಗುತ್ತಾನೆ, ಅದೂ ಹಾರುವುದಿಲ್ಲ. ಅವನ ಅಡ್ಡಹೆಸರು ‘ಇಪ್ಪತ್ತೆರಡು ಸಂಕಟ’. ಬೂಟು ಕಿರುಗುಟ್ಟುತ್ತದೆ, ಕೈಯಲ್ಲಿದ್ದ ಹೂಗುಚ್ಛ ಜಾರಿ ಬೀಳುತ್ತದೆ, ಕುರ್ಚಿಗೆ ಎಡವುತ್ತಾನೆ.

ಎರಡರ ನಡುವೆ ಸಿಕ್ಕಿಕೊಂಡ ನಾಟಕಕ್ಕೆ ಏನು ಹೆಸರು ಎಂಬ ತಲೆಬಿಸಿ ಹೊಸದೇನಲ್ಲ. ಪ್ರಾಚೀನ ರೋಮಿನ ನಾಟಕಕಾರ ಪ್ಲಾಟಸ್ ‘ಆಂಫಿಟ್ರಿಯೋ’ ನಾಟಕದ ಶುರುವಿನಲ್ಲೇ ಮರ್ಕ್ಯುರಿ ದೇವರಿಂದ ಜನರಿಗೆ ಹೇಳಿಸುತ್ತಾನೆ: ಟ್ರ್ಯಾಜಿಡಿ ಅಂದ ಕೂಡಲೇ ಹಣೆ ಗಂಟಿಕ್ಕಿದಿರಾ, ಸರಿ ಬಿಡಿ, ದೇವರುಗಳೂ ರಾಜರೂ ಇರುವುದರಿಂದ ಪೂರ್ತಿ ಕಾಮಿಡಿ ಮಾಡಲಾರೆ, ಆಳಿನ ಪಾತ್ರವೂ ಇದೆಯಲ್ಲ, ಎರಡೂ ಬೆರೆಸಿ ಟ್ರ್ಯಾಜಿಕಾಮಿಡಿ ಮಾಡೋಣ. ಆ ಪದ ಹುಟ್ಟಿದ್ದೇ ಒಂದು ತಮಾಷೆಯಾಗಿ. ಶೇಕ್ಸ್‌ಪಿಯರ್‌ನ ಎಲ್ಲೂ ಸೇರದ ಕೆಲವು ನಾಟಕಗಳಿಗೆ 1896ರಲ್ಲಿ ಬೋಆಸ್ ಎಂಬ ವಿದ್ವಾಂಸ ‘ಸಮಸ್ಯಾ ನಾಟಕ’ ಎಂಬ ಮೂರನೇ ಡಬ್ಬಿ ಮಾಡಿದ. ಗುಂಪಿನಲ್ಲಿ ಒಬ್ಬರು ಚೆರ್ರಿ ತೋಟಕ್ಕೂ ‘ಟ್ರ್ಯಾಜಿಕಾಮಿಡಿ’ ಅಂತ ಹಾಕಿ, ಜಗಳ ಮುಗಿಸಿ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಗೆಳತಿಗೂ ಇಲ್ಲ. ಎರಡು ದಿನದಲ್ಲಿ ನಾವಿಬ್ಬರೂ ಒಪ್ಪಿದ್ದು ಇದೊಂದನ್ನೇ.

ಭಾನುವಾರಕ್ಕೆ ಮುಂಚೆ ನಾಟಕ ಇನ್ನೊಮ್ಮೆ ಓದಿದೆ, ಅವಳನ್ನು ಸೋಲಿಸಲು ಪುರಾವೆ ಹುಡುಕುತ್ತಾ. ಸಿಕ್ಕಿದ್ದು ಬೇರೆಯೇ.

ಮೊದಲನೇ ಅಂಕದಲ್ಲೇ, ಅವರು ರೈಲಿಳಿದು ಮನೆಗೆ ಬಂದು ಇನ್ನೂ ಕಾಫಿ ಕುಡಿಯುವ ಹೊತ್ತಿನಲ್ಲೇ, ಲೊಪಾಖಿನ್ ದಾರಿ ಹೇಳಿಬಿಡುತ್ತಾನೆ. ಲೆಕ್ಕ ಸಮೇತ. ಪಟ್ಟಣ ಹತ್ತಿರ, ರೈಲು ಹತ್ತಿರ, ತೋಟವನ್ನೂ ನದಿ ದಡದ ಜಾಗವನ್ನೂ ಸೈಟು ಮಾಡಿ ಬೇಸಿಗೆ ಮನೆ ಕಟ್ಟುವವರಿಗೆ ಬಾಡಿಗೆಗೆ ಕೊಡಿ, ದೆಸ್ಯಾತಿನಾಗೆ, ಅಂದರೆ ಸುಮಾರು 2.7 ಎಕರೆಗೆ, ವರ್ಷಕ್ಕೆ 25 ರೂಬಲ್, ಒಟ್ಟು ಏನಿಲ್ಲವೆಂದರೂ ವರ್ಷಕ್ಕೆ 25 ಸಾವಿರ ಬರುತ್ತದೆ. ಮರ ಮಾತ್ರ ಕಡಿಯಬೇಕು. ಕಡಿಯುವುದಾ? ಇಡೀ ಪ್ರಾಂತ್ಯದಲ್ಲಿ ನೋಡುವಂಥದ್ದು ಏನಾದರೂ ಇದ್ದರೆ ಅದು ನಮ್ಮ ತೋಟ ಎನ್ನುತ್ತಾಳೆ ತಂಗಿ. ವಿಶ್ವಕೋಶದಲ್ಲೂ ಇದರ ಹೆಸರಿದೆ ಎನ್ನುತ್ತಾನೆ ಅಣ್ಣ. ಚೆರ್ರಿ ಎರಡು ವರ್ಷಕ್ಕೊಮ್ಮೆ ಬಿಡುತ್ತದೆ, ಕೊಳ್ಳುವವರೇ ಇಲ್ಲ ಎನ್ನುತ್ತಾನೆ ಲೊಪಾಖಿನ್. ಆಗ ಫೀರ್ಸ್ ನಡುವೆ ಬಾಯಿ ಹಾಕುತ್ತಾನೆ: ಹಿಂದೆ ಹಣ್ಣು ಒಣಗಿಸಿ ಗಾಡಿಗಟ್ಟಲೆ ಮಾಸ್ಕೋಗೆ, ಖಾರ್ಕೊವ್‌ಗೆ ಕಳಿಸುತ್ತಿದ್ದರು, ದುಡ್ಡೇ ದುಡ್ಡು, ಒಣಗಿಸುವ ವಿಧಾನ ಗೊತ್ತಿತ್ತು ಆಗ. ಈಗ ಎಲ್ಲಿದೆ ಆ ವಿಧಾನ? ಮರೆತುಹೋಯಿತು, ಯಾರಿಗೂ ನೆನಪಿಲ್ಲ.

ಇದಾದ ಮೇಲೆ ಗಾಯೆವ್ ಎದ್ದು ಮನೆಯ ಪುಸ್ತಕದ ಬೀರುವಿಗೆ ಭಾಷಣ ಮಾಡುತ್ತಾನೆ. ಬೀರುವಿಗೆ ನೂರು ವರ್ಷ ತುಂಬಿದೆಯಂತೆ. ಪ್ರಿಯ, ಮಾನ್ಯ ಬೀರುವೇ ಎಂದು ಶುರುಮಾಡಿ, ಕಣ್ಣಲ್ಲಿ ನೀರು ತಂದುಕೊಂಡು.

ಈಗ ಹೇಳಿ. ಈಡಿಪಸ್‌ಗೆ ಹೊರದಾರಿ ಇತ್ತಾ? ಗ್ರೀಕ್ ನಾಟಕದ ಆ ರಾಜ, ಅಪ್ಪನನ್ನು ಕೊಲ್ಲುತ್ತೀಯ ಎಂಬ ಭವಿಷ್ಯವಾಣಿಯಿಂದ ತಪ್ಪಿಸಿಕೊಳ್ಳಲು ಹಿಡಿದ ದಾರಿಯೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿತು. ಇಲ್ಲಿ ಬಾಗಿಲು ಹಾರು ಹೊಡೆದಿದೆ, ಬಾಗಿಲಲ್ಲಿ ಒಬ್ಬ ನಿಂತು ಬನ್ನಿ ಬನ್ನಿ ಎಂದು ಕೂಗುತ್ತಿದ್ದಾನೆ, ಇವರು ಒಳಗೆ ಬೀರುವಿನ ಜೊತೆ ಮಾತಾಡುತ್ತಾ ಕೂತಿದ್ದಾರೆ. ಎರಡನೇ ಅಂಕದಲ್ಲಿ ಲೊಪಾಖಿನ್ ಮತ್ತೆ ಕೇಳುತ್ತಾನೆ. ಬೇಸಿಗೆ ಮನೆ, ಬಾಡಿಗೆಯವರು, ಥೂ, ಕೀಳಭಿರುಚಿ ಎನ್ನುತ್ತಾಳೆ ರಾನೆವ್‌ಸ್ಕಾಯ. ಅದೇ ಅಂಕದಲ್ಲಿ ದಾರಿಹೋಕ ಭಿಕ್ಷುಕನೊಬ್ಬನಿಗೆ ಚಿಲ್ಲರೆ ಇಲ್ಲವೆಂದು ಚಿನ್ನದ ನಾಣ್ಯ ಕೊಡುತ್ತಾಳೆ, ಮನೆಯಲ್ಲಿ ಆಳುಗಳಿಗೆ ಊಟಕ್ಕೆ ಸರಿಯಾಗಿ ಇಲ್ಲ. ಹರಾಜಿನ ದಿನವೇ ಮನೆಯಲ್ಲಿ ವಾದ್ಯದವರನ್ನು ಕರೆಸಿ ಡಾನ್ಸ್ ಇಟ್ಟುಕೊಳ್ಳುತ್ತಾರೆ. ಯಾರೋಸ್ಲಾವ್ಲ್‌ನ ಅತ್ತೆ ಕಳಿಸಿದ 15 ಸಾವಿರದಲ್ಲಿ ತೋಟ ಬಿಡಿಸಿಕೊಳ್ಳುತ್ತೇವೆ ಎಂಬ ನಂಬಿಕೆ. ಬಡ್ಡಿಗೂ ಸಾಲದ ದುಡ್ಡು ಅದು. ಹರಾಜಿನಲ್ಲಿ ಲೊಪಾಖಿನ್ ಸಾಲದ ಮೇಲೆ 90 ಸಾವಿರ ಕೂಗುತ್ತಾನೆ.

ಇಷ್ಟು ಓದಿ ಪುಸ್ತಕ ಮಡಚಿಟ್ಟೆ. ಗೆಳತಿಗೆ ‘ನೀನು ಅರ್ಧ ಸರಿ’ ಎಂದು ಮೆಸೇಜ್ ಹಾಕಿದೆ. ‘ಯಾವ ಅರ್ಧ?’ ಎಂದು ಕೇಳಿದಳು. ಆಗ ಉತ್ತರ ಗೊತ್ತಿರಲಿಲ್ಲ.

ಇನ್ನೊಂದು ವಿಷಯವೂ ಇದೆ. ತೋಟ ಹೋಯಿತು ಎಂದು ಅಳುವಾಗ ಯಾರ ತೋಟ ಅಂತಲೂ ಕೇಳಬೇಕಲ್ವಾ. ರಷ್ಯಾದಲ್ಲಿ ಜೀತ ರದ್ದಾದದ್ದು 1861ರಲ್ಲಿ. ಫೀರ್ಸ್ ಅದನ್ನು ‘ಆ ಅನಾಹುತ’ ಎನ್ನುತ್ತಾನೆ, ಅನಾಹುತಕ್ಕೆ ಮುಂಚೆ ಗೂಬೆ ಕೂಗಿತ್ತು ಅಂತ. ಯಾವ ಅನಾಹುತ ಎಂದು ಕೇಳಿದರೆ, ಬಿಡುಗಡೆ ಎನ್ನುತ್ತಾನೆ. ಓದುವಾಗ ಫಕ್ಕನೆ ನಗು ಬರುತ್ತದೆ, ಅರ್ಧ ನಿಮಿಷ ಬಿಟ್ಟು ಹೊಟ್ಟೆಯಲ್ಲಿ ಏನೋ ಚುಚ್ಚುತ್ತದೆ. ತ್ರೊಫಿಮೊವ್ ಎಂಬ ಬಡ ವಿದ್ಯಾರ್ಥಿ ಮಾತ್ರ ನೇರವಾಗಿ ಹೇಳುತ್ತಾನೆ, ಈ ತೋಟದ ಒಂದೊಂದು ಎಲೆಯಿಂದಲೂ ನಿಮ್ಮ ಹಿರಿಯರು ಮಾಲೀಕರಾಗಿದ್ದ ಜೀವಗಳು ನಿಮ್ಮನ್ನು ನೋಡುತ್ತಿಲ್ಲವೇ ಎಂದು. ಹಾಗೆಂದು ಚೆಕೊವ್ ಇವನನ್ನೂ ಸುಮ್ಮನೆ ಬಿಡುವುದಿಲ್ಲ. ಮೂರನೇ ಅಂಕದಲ್ಲಿ ರಾನೆವ್‌ಸ್ಕಾಯ ಜೊತೆ ಜಗಳವಾಡಿ, ನಮ್ಮಿಬ್ಬರ ಸಂಬಂಧ ಮುಗಿಯಿತು ಎಂದು ಸಾರಿ ಹೋಗುತ್ತಾನೆ, ಮರುಕ್ಷಣ ಮೆಟ್ಟಿಲ ಮೇಲಿಂದ ದಬದಬ ಉರುಳಿದ ಸದ್ದು.

ಲೊಪಾಖಿನ್ ಮಾಲೀಕನಾಗಿ ಮನೆಯೊಳಗೆ ಕಾಲಿಡುವುದೂ ಹಾಗೆಯೇ. ವಾರ್ಯಾ ಎಪಿಖೋದೊವ್ ಮೇಲಿನ ಸಿಟ್ಟಿಗೆ ಕೋಲು ಬೀಸುತ್ತಾಳೆ, ಅದು ಆಗಷ್ಟೇ ಒಳಗೆ ಬಂದ ಲೊಪಾಖಿನ್‌ಗೆ ಬೀಳುತ್ತದೆ. ಅವನ ಅಪ್ಪ ಅಜ್ಜ ಇದೇ ಮನೆಯವರಿಂದ ಹೊಡೆತ ತಿಂದವರು. ಈಗ ಕೊಂಡುಕೊಂಡವನಿಗೂ ಮೊದಲ ಸ್ವಾಗತ ಅದೇ. ಇದು ನಗುವೋ ಅಳುವೋ?

ಇನ್ನು ನಾಲ್ಕನೇ ಅಂಕ. ನನ್ನ ಮಟ್ಟಿಗೆ ಜಗಳ ಇತ್ಯರ್ಥವಾದದ್ದು ಇಲ್ಲಿ. ನಾಟಕ ರಂಗಕ್ಕೆ ಬಂದ ಎರಡು ತಿಂಗಳಿಗೆ, ಮಾರ್ಚ್ ಕೊನೆಯಲ್ಲಿ, ನೋಡಿ ಬಂದ ಸಂಬಂಧಿಕರ ಮಾತು ಕೇಳಿ ಚೆಕೊವ್ ಹೆಂಡತಿಗೆ ಇನ್ನೊಂದು ಕಾಗದ ಬರೆದ. ಹೆಚ್ಚೆಂದರೆ 12 ನಿಮಿಷ ಆಗಬೇಕಾದ ಅಂಕವನ್ನು ನಿಮ್ಮವರು 40 ನಿಮಿಷ ಎಳೆಯುತ್ತಾರಂತೆ, ಸ್ತಾನಿಸ್ಲಾವ್‌ಸ್ಕಿ ನನ್ನ ನಾಟಕ ಹಾಳುಮಾಡಿದ, ಅಂತ. ಅಂದರೆ ಅವನ ತಕರಾರು ಬರೀ ಹಣೆಪಟ್ಟಿಯದಲ್ಲ. ನಿಮಿಷದ್ದು.

ಆ ಅಂಕದೊಳಗೇ ಒಂದು ಗಡಿಯಾರ ಓಡುತ್ತಿದೆ. ಇನ್ನು 20 ನಿಮಿಷದಲ್ಲಿ ಸ್ಟೇಷನ್ನಿಗೆ ಹೊರಡಬೇಕು ಎಂದು ಲೊಪಾಖಿನ್ ಮೊದಲೇ ಎಲ್ಲರಿಗೂ ಹೇಳಿರುತ್ತಾನೆ. ತ್ರೊಫಿಮೊವ್ ತನ್ನ ಗಲೋಷ್, ಅಂದರೆ ಬೂಟಿನ ಮೇಲೆ ಹಾಕುವ ರಬ್ಬರ್ ಚಪ್ಪಲಿ, ಹುಡುಕುತ್ತಿದ್ದಾನೆ. ಇಡೀ ಅಂಕ ಹುಡುಕುತ್ತಾನೆ. ಲೊಪಾಖಿನ್ ಬೀಳ್ಕೊಡುಗೆಗೆ ಷಾಂಪೇನ್ ತಂದಿದ್ದಾನೆ, ಯಾರೂ ಮುಟ್ಟುವುದಿಲ್ಲ, ಯಾಶಾ ಎಂಬ ಆಳು ಎಲ್ಲ ಕುಡಿದು ಮುಗಿಸುತ್ತಾನೆ. ಹೊರಡಲು ಇನ್ನು ಐದು ನಿಮಿಷ ಇದೆ ಎನ್ನುವಾಗ ರಾನೆವ್‌ಸ್ಕಾಯಗೆ ನೆನಪಾಗುತ್ತದೆ, ವಾರ್ಯಾಳ ಮದುವೆ! ನೀನು ಅವಳನ್ನು ಕೇಳಬಾರದಾ ಎನ್ನುತ್ತಾಳೆ ಲೊಪಾಖಿನ್‌ಗೆ. ಅವನೂ ಸಿದ್ಧ, ಈಗಲೇ ಮುಗಿಸಿಬಿಡೋಣ ಎನ್ನುತ್ತಾನೆ. ಒಂದು ನಿಮಿಷದ ಕೆಲಸ ತಾನೇ ಎಂದು ಅವಳು ವಾರ್ಯಾಳನ್ನು ಒಳಗೆ ಕಳಿಸುತ್ತಾಳೆ.

ವಾರ್ಯಾ ಬಂದು ಸಾಮಾನು ತಡಕುತ್ತಾಳೆ. ಸಿಗುತ್ತಿಲ್ಲ ಎನ್ನುತ್ತಾಳೆ. ಏನು ಹುಡುಕುತ್ತಿದ್ದೀರಿ? ನಾನೇ ಇಟ್ಟಿದ್ದೆ, ನೆನಪಿಲ್ಲ. ಮೌನ. ಮುಂದೆ ಎಲ್ಲಿಗೆ? ಬೇರೊಬ್ಬರ ಮನೆ ನೋಡಿಕೊಳ್ಳುವ ಕೆಲಸಕ್ಕೆ. ಅಲ್ಲಿಗೆ ಎಪ್ಪತ್ತು ವೆರ್ಸ್ಟ್, ಅಂದರೆ ಸುಮಾರು 75 ಕಿಲೋಮೀಟರ್, ದೂರ ಆಗುತ್ತದೇನೋ. ಮೌನ. ಹೋದ ವರ್ಷ ಇಷ್ಟು ಹೊತ್ತಿಗೆ ಹಿಮ ಬೀಳುತ್ತಿತ್ತು, ಈ ಸಲ ಬಿಸಿಲಿದೆ, ಚಳಿ ಮಾತ್ರ ಇದೆ, ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ನಾನು ನೋಡಲಿಲ್ಲ ಎನ್ನುತ್ತಾಳೆ ವಾರ್ಯಾ. ಸ್ವಲ್ಪ ಬಿಟ್ಟು, ನಮ್ಮ ಥರ್ಮಾಮೀಟರ್ ಒಡೆದಿದೆ ಎನ್ನುತ್ತಾಳೆ. ಹೊರಗಿನಿಂದ ಯಾರೋ ಲೊಪಾಖಿನ್‌ನನ್ನು ಕೂಗುತ್ತಾರೆ. ಆ ಕೂಗಿಗೇ ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದವನಂತೆ ‘ಬಂದೆ’ ಎಂದು ಓಡಿಬಿಡುತ್ತಾನೆ. ವಾರ್ಯಾ ನೆಲದ ಮೇಲೆ ಕೂತು ಬಟ್ಟೆಗಂಟಿಗೆ ತಲೆಯಾನಿಸಿ ಮೆಲ್ಲಗೆ ಅಳುತ್ತಾಳೆ.

ಇದನ್ನು ಎಳೆದೆಳೆದು, ಒಂದೊಂದು ಮೌನಕ್ಕೂ ನಿಟ್ಟುಸಿರು ಬಿಟ್ಟು ಆಡಿದರೆ ಹೃದಯ ಹಿಂಡುವ ದುರಂತ. ಹೊರಗೆ ಗಾಡಿ ಕಾಯುತ್ತಿದೆ, ರೈಲು ತಪ್ಪುತ್ತದೆ ಎಂಬ ಧಾವಂತದಲ್ಲಿ ಆಡಿದರೆ, ಮದುವೆ ಕೇಳಲು ಬಂದವನು ಹವಾಮಾನ ವರದಿ ಕೊಟ್ಟು ಓಡಿಹೋದ ಕತೆ. ಒಂದು ಅಕ್ಷರವೂ ಬದಲಾಗುವುದಿಲ್ಲ, ಬದಲಾಗುವುದು ವೇಗ. ಚೆಕೊವ್ ಹೇಳುತ್ತಿದ್ದ ಕಾಮಿಡಿ ಇದು ಅಂತ ನನಗೆ ಈಗ ಅನ್ನಿಸುತ್ತದೆ. ನೀವು ನಗಲೇಬೇಕು ಅಂತ ಅಲ್ಲ, ಇವರಿಗೆ ಅಳಲು ಪುರುಸೊತ್ತು ಕೊಡಬೇಡಿ ಅಂತ. ಬೇಗ ಆಡಿದಷ್ಟೂ ನೋಡುವವರಿಗೆ ಜಾಸ್ತಿ ನೋವಾಗುತ್ತದೆ, ಅದು ಬೇರೆ ಮಾತು. ಸ್ತಾನಿಸ್ಲಾವ್‌ಸ್ಕಿ ತಾನು ಅತ್ತದ್ದನ್ನು ಪಾತ್ರಗಳ ಕೈಲೂ ಅಳಿಸಿದ.

ನಮ್ಮ ಅಜ್ಜನ ಮನೆ ಮಾರಿದ ದಿನ ನೆನಪಾಗುತ್ತದೆ. ಪತ್ರ ಆಗಿತ್ತು, ಬೀಗದ ಕೈ ಕೊಡುವುದಷ್ಟೇ ಬಾಕಿ. ಅತ್ತೆ, ದೊಡ್ಡಪ್ಪ, ಅಮ್ಮ ಎಲ್ಲರೂ ಇದ್ದರು. ಆ ಕೊನೆಯ ಅರ್ಧ ಗಂಟೆ ಪೂರ್ತಿ ಮಾತಾಡಿದ್ದು ಒಂದು ಉಪ್ಪಿನಕಾಯಿ ಭರಣಿ ಬಗ್ಗೆ. ಅದು ಆಟೋದಲ್ಲಿ ಹಿಡಿಸುತ್ತದಾ, ಕಾಲಿನ ಸಂದಿಯಲ್ಲಿ ಇಟ್ಟುಕೊಂಡರೆ ಒಡೆಯುತ್ತದಾ, ಖಾಲಿ ಭರಣಿ ಯಾಕೆ ಬೇಕು, ಯಾರು ಉಪ್ಪಿನಕಾಯಿ ಹಾಕುತ್ತೀರಿ ಈಗ. ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಯಾರೂ ಅಳಲಿಲ್ಲ. ಭರಣಿ ಅಲ್ಲೇ ಜಗಲಿಯ ಮೇಲೆ ಉಳಿಯಿತು.

ಮೊದಲ ಪ್ರದರ್ಶನದ ದಿನದ್ದು ಒಂದು ಸಂಗತಿ ಹೇಳಲೇಬೇಕು. ಅವತ್ತು ಚೆಕೊವ್‌ಗೆ 44 ತುಂಬಿದ ದಿನ. ಮೂರನೇ ಅಂಕ ಆದ ಮೇಲೆ ಅವನನ್ನು ವೇದಿಕೆಗೆ ಎಳೆತಂದು ಸನ್ಮಾನ ಮಾಡಿದರು. ಸಾಯಲು ಆರು ತಿಂಗಳಿದೆ, ಮುಖ ಬಿಳುಚಿಕೊಂಡಿದೆ, ಕೆಮ್ಮು ನಿಲ್ಲುತ್ತಿಲ್ಲ, ಕೂರಿಸ್ರೀ ಅವರನ್ನ ಎಂದು ಜನ ಕೂಗುತ್ತಿದ್ದಾರೆ, ಭಾಷಣದ ಮೇಲೆ ಭಾಷಣ. ಅದರಲ್ಲೊಬ್ಬರು ಪ್ರಿಯ, ಮಾನ್ಯ ಎಂದು ಶುರುಮಾಡಿದರು, ಥೇಟ್ ಗಾಯೆವ್ ಬೀರುವಿಗೆ ಹೇಳಿದಂತೆ. ಗಾಯೆವ್ ಪಾತ್ರ ಮಾಡಿದ್ದವನು ಸ್ತಾನಿಸ್ಲಾವ್‌ಸ್ಕಿಯೇ. ಚೆಕೊವ್ ಅವನ ಕಡೆ ತಿರುಗಿ ನೋಡಿದನಂತೆ, ತುಟಿಯಲ್ಲಿ ಒಂದು ಕಳ್ಳ ನಗು. ಇದನ್ನು ಬರೆದಿಟ್ಟವನೂ ಸ್ತಾನಿಸ್ಲಾವ್‌ಸ್ಕಿಯೇ. ಇಷ್ಟು ಕಣ್ಣಾರೆ ಕಂಡೂ ಕಾಮಿಡಿ ಅಲ್ಲ ಎಂದನಲ್ಲ ಪುಣ್ಯಾತ್ಮ!

ಭಾನುವಾರ ಓದಿದೆವು. ಜಾತಿಯ ಸಾಲು ತೆಗೆದು, ‘ನಾಟಕ, ನಾಲ್ಕು ಅಂಕ, ಟೀ ಇದೆ’ ಎಂದಷ್ಟೇ ಮತ್ತೆ ಕಳಿಸಿದ್ದೆ. ನನಗೆ ಲೊಪಾಖಿನ್ ಬಂತು, ಗೆಳತಿಗೆ ವಾರ್ಯಾ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಫೀರ್ಸ್ ಓದಿದರು. ಫೀರ್ಸ್‌ಗೆ ಒಂದು ಬೈಗುಳವಿದೆ, ಎಲ್ಲರಿಗೂ ಅದನ್ನೇ ಬೈಯುತ್ತಾನೆ, ಅರ್ಧಕ್ಕೇ ನಿಂತುಹೋದವನು ಎಂಬಂಥ ಅರ್ಥ. ಅನುವಾದದಲ್ಲಿ ಸಪ್ಪೆಯಾಗಿತ್ತು, ಅವರು ಅದನ್ನು ‘ಅರೆಬೆಂದದ್ದು’ ಮಾಡಿಕೊಂಡರು. ಪ್ರತಿ ಸಲವೂ ನಾವು ನಕ್ಕೆವು.

ನಾಲ್ಕನೇ ಅಂಕ ಶುರುವಾಗುವಾಗ ಗೆಳತಿ ಫೋನಿನಲ್ಲಿ ಟೈಮರ್ ಹಾಕಿ ಮೇಜಿನ ಮೇಲಿಟ್ಟಳು. ಹನ್ನೆರಡು ನಿಮಿಷದಲ್ಲಿ ಮುಗಿಸಲು ಉಸಿರೇ ಬಿಡಬಾರದು, ಅದು ಚೆಕೊವ್ ಸಿಟ್ಟಿನಲ್ಲಿ ಹೇಳಿದ ಲೆಕ್ಕ ಎಂದು ಮೊದಲ ಎರಡು ಪುಟಕ್ಕೇ ಗೊತ್ತಾಯಿತು. ಆದರೂ ಓಡಿಸಿದೆವು. ಥರ್ಮಾಮೀಟರ್ ಸಾಲು ಬಂದಾಗ ಇಬ್ಬರು ನಕ್ಕರು, ಒಬ್ಬರು ಟೀ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು. ಕೊನೆಗೆ ಫೀರ್ಸ್ ಒಬ್ಬನೇ ಉಳಿದ. ನಮ್ಮ ಹಿರಿಯರು ಪುಸ್ತಕ ಎದೆ ಮೇಲಿಟ್ಟುಕೊಂಡು ದಿವಾನದ ಮೇಲೆ ಮಲಗಿಯೇಬಿಟ್ಟರು, ಬದುಕು ಹೋಯಿತು, ಬದುಕಿಯೇ ಇಲ್ಲವೇನೋ ಅನ್ನುವಂತೆ ಎಂದು ಗೊಣಗಿದರು, ತಮಗೇ ತಾವು ‘ಅರೆಬೆಂದದ್ದು’ ಎಂದು ಬೈದುಕೊಂಡರು. ಆಕಾಶದಿಂದ ಬಂದಂತೆ, ತಂತಿ ಹರಿದಂಥ ಸದ್ದು ಎಂದು ನಾನು ರಂಗಸೂಚನೆ ಓದಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಯಾರೂ ಏನೂ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರು ಒಂದು ಕಣ್ಣು ತೆರೆದು ‘ಮುಗೀತಾ?’ ಎಂದರು.

ಆಮೇಲೆ ಮಂಡಕ್ಕಿ, ಮಾತು, ಮುಂದಿನ ತಿಂಗಳು ಯಾರ ಮನೆ ಎಂಬ ಚರ್ಚೆ. ಚಪ್ಪಲಿ ಹಾಕಿಕೊಳ್ಳುವಾಗ ಯಾರೋ ‘ಎಷ್ಟು ನಿಮಿಷ ಆಯ್ತು ಹೇಳಲೇ ಇಲ್ಲ?’ ಎಂದರು. ಗೆಳತಿ ಒಳಗೆ ಓಡಿದಳು. ಟೈಮರ್ ನಿಲ್ಲಿಸುವುದನ್ನು ಮರೆತಿದ್ದಳು. ಖಾಲಿ ಕೋಣೆಯಲ್ಲಿ ಮೇಜಿನ ಮೇಲೆ ಅದು ಓಡುತ್ತಲೇ ಇತ್ತು, ನಲವತ್ತು ದಾಟಿತ್ತು.